ಯಾರ್ನೋ ಸಾರಿನೆನ್

ಯಾರ್ನೋ ಸಾರಿನೆನ್ (ಜನನ: ಡಿಸೆಂಬರ್ 11, 1945, ಮರಣ: ಮೇ 20, 1973) ಫಿನ್‌ಲೆಂಡ್ ದೇಶದ ಮೋಟಾರ್ ಸೈಕಲ್ ರೇಸ್ ಸವಾರರು. 1972ರಲ್ಲಿ ಯಮಹಾ ವಾಹನದ ಮೇಲೆ 250 ಸಿಸಿ ವಿಭಾಗದ ವಿಶ್ವ ಚಾಂಪಿಯನ್ ಪದವಿಯನ್ನು ಪಡೆದರು. ಡಾಂಬರು ಹಾದಿಯ ಓಟದಲ್ಲಿ, ಪಕ್ಕದ ಗಾಡಿಯಿಲ್ಲದ ಮೋಟಾರ್ ಸೈಕಲ್‌ಗಳ ವಿಭಾಗದಲ್ಲಿ, ಈ ಪದವಿಯನ್ನು ಪಡೆದ ಏಕೈಕ ಫಿನ್‌ಲೆಂಡ್ ಪ್ರಜೆ ಅವರು. 1973ರ ಮಾರ್ಚ್‌ನಲ್ಲಿ ಅಮೆರಿಕದ ಡೇಟೋನಾ 200 ಮೈಲಿ ಓಟವನ್ನೂ, ಏಪ್ರಿಲ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಸುತ್ತಾದ ಫ್ರೆಂಚ್ ಗ್ರ್ಯಾನ್ ಪ್ರಿಯನ್ನೂ ಗೆದ್ದು, ಆ ಋತುವಿನ ಆರಂಭದಲ್ಲಿಯೇ ಎಲ್ಲರಿಗಿಂತ ಮುಂದಿದ್ದರು. ಮೇ ತಿಂಗಳಿನಲ್ಲಿ ಇಟಲಿಯ ಮೊಂಜಾ ಪಥದಲ್ಲಿ ನಡೆದ ಅಪಘಾತದಲ್ಲಿ, ತಮ್ಮ 27ನೆಯ ವಯಸ್ಸಿನಲ್ಲಿ, ಪ್ರಾಣ ಕಳೆದುಕೊಂಡರು. ತಿರುವುಗಳಲ್ಲಿ ದೇಹವನ್ನು ವಾಹನದಿಂದ ಒಳಬದಿಗೆ ಇಳಿಸಿ ಮೊಣಕಾಲನ್ನು ಹೊರಚಾಚುವ ಸವಾರಿಯ ಕ್ರಮವನ್ನು ರೂಢಿಗೆ ತಂದವರಲ್ಲಿ ಅವರು ಪ್ರಮುಖರು.

ಜನನ ಮತ್ತು ಬಾಲ್ಯ

ಸಾರಿನೆನ್ ಹುಟ್ಟಿದ್ದು ಫಿನ್‌ಲೆಂಡ್‌ನ ನೈಋತ್ಯ ಕರಾವಳಿಯಲ್ಲಿರುವ ಟುರ್ಕು ನಗರದಲ್ಲಿ. ಔರಾ ನದಿಯ ದಡದ ಈ ಹಳೆಯ ಬಂದರು ಪಟ್ಟಣವು ಹೆಲ್ಸಿಂಕಿಗಿಂತ ಮೊದಲು ದೇಶದ ರಾಜಧಾನಿಯಾಗಿತ್ತು. ಎರಡನೆಯ ಮಹಾಯುದ್ಧ ಮುಗಿದು ಕೆಲವೇ ತಿಂಗಳಾಗಿದ್ದ ಕಾಲವದು. ಸೋವಿಯತ್ ಒಕ್ಕೂಟಕ್ಕೆ ಯುದ್ಧಪರಿಹಾರ ಸಲ್ಲಿಸಬೇಕಾಗಿದ್ದ ಫಿನ್‌ಲೆಂಡ್ ತನ್ನ ಲೋಹ ಮತ್ತು ಯಂತ್ರೋದ್ಯಮವನ್ನು ವೇಗವಾಗಿ ಬೆಳೆಸಿಕೊಳ್ಳಬೇಕಾಯಿತು. ಅಂಥ ವಾತಾವರಣದಲ್ಲಿ ಬೆಳೆದ ಹುಡುಗನಿಗೆ ಯಂತ್ರಗಳ ಒಲವು ಸಹಜವಾಗಿಯೇ ಬಂದಿತು. ಮುಂದೆ ಅವರು ಮೆಕ್ಯಾನಿಕಲ್ ಎಂಜಿನಿಯರಿಂಗ್ ವ್ಯಾಸಂಗವನ್ನು ಆರಿಸಿಕೊಂಡರು.

ಓದು ಮತ್ತು ಓಟ ಅವರ ಬದುಕಿನಲ್ಲಿ ಬಹುಕಾಲ ಜೊತೆಜೊತೆಯಾಗಿ ಸಾಗಿದವು. ತಾವು ಓಡಿಸುವ ಎಂಜಿನ್ನನ್ನು ತಾವೇ ಬಿಚ್ಚಿ, ತಿದ್ದಿ, ಮತ್ತೆ ಜೋಡಿಸಬಲ್ಲವರಾಗಿದ್ದರು. ವೃತ್ತಿಜೀವನದ ಮೊದಲ ವರ್ಷಗಳಲ್ಲಿ ದೊಡ್ಡ ಕಂಪನಿಯ ಬೆಂಬಲವಿಲ್ಲದೆ ಯೂರೋಪಿನಾದ್ಯಂತ ಸಂಚರಿಸಿ ಸ್ಪರ್ಧಿಸಲು ಸಾಧ್ಯವಾದುದಕ್ಕೆ ಈ ಜ್ಞಾನವೇ ಮುಖ್ಯ ಕಾರಣ.

ಮಂಜುಗಡ್ಡೆಯ ಮೇಲಿನ ಓಟ

ಫಿನ್‌ಲೆಂಡ್‌ನಲ್ಲಿ ಚಳಿಗಾಲ ದೀರ್ಘವಾದುದು. ಕೆರೆಗಳು ಹೆಪ್ಪುಗಟ್ಟಿ ಗಟ್ಟಿಯಾದ ಬಯಲಿನಂತಾಗುತ್ತವೆ. ಅಲ್ಲಿನ ಯುವಕರು ಟೈರುಗಳಿಗೆ ಉಕ್ಕಿನ ಮೊಳೆಗಳನ್ನು ಅಳವಡಿಸಿಕೊಂಡು ಆ ಮಂಜುಗಡ್ಡೆಯ ಮೇಲೆ ಮೋಟಾರ್ ಸೈಕಲ್ ಓಡಿಸುವ ಸ್ಪರ್ಧೆಗಳನ್ನು ನಡೆಸುತ್ತಾರೆ. ಸಾರಿನೆನ್ ಅವರು 1965ರಲ್ಲಿ 250 ಸಿಸಿ ವಿಭಾಗದಲ್ಲಿ ಮಂಜುಗಡ್ಡೆ ಓಟದ ರಾಷ್ಟ್ರೀಯ ಚಾಂಪಿಯನ್ ಆದರು. ಹುಲ್ಲುಗಾವಲಿನ ಓಟ ಮತ್ತು ಮಣ್ಣಿನ ಪಥದ ಓಟಗಳಲ್ಲಿಯೂ ಭಾಗವಹಿಸಿದರು.

ಈ ಹಿನ್ನೆಲೆ ಅವರ ಮುಂದಿನ ಸಾಧನೆಯನ್ನು ಅರಿಯಲು ಅವಶ್ಯಕ. ಜಾರುವ ನೆಲದ ಮೇಲೆ ಹಿಂದಿನ ಚಕ್ರ ಪಕ್ಕಕ್ಕೆ ಸರಿಯುವುದು ಅಪಾಯದ ಸೂಚನೆಯಲ್ಲ, ಸವಾರಿಯ ಒಂದು ಭಾಗ. ಅದನ್ನು ಕೈಯ ವೇಗನಿಯಂತ್ರಣದಿಂದಲೂ ದೇಹದ ಭಾರವನ್ನು ಬದಲಿಸುವುದರಿಂದಲೂ ಹತೋಟಿಯಲ್ಲಿಡಲು ಸವಾರನು ಕಲಿಯುತ್ತಾನೆ. ಡಾಂಬರಿನ ಮೇಲೆ ಇತರರು ಅಂಜಿ ಹಿಂಜರಿಯುತ್ತಿದ್ದ ಕಡೆ ಸಾರಿನೆನ್ ನಿರಾತಂಕವಾಗಿ ಸಾಗುತ್ತಿದ್ದುದಕ್ಕೆ ಈ ಅಭ್ಯಾಸವೇ ಕಾರಣವಾಗಿತ್ತು.

ಗ್ರ್ಯಾನ್ ಪ್ರಿ ಪ್ರವೇಶ

1970ರಲ್ಲಿ ಸಾರಿನೆನ್ ವಿಶ್ವ ಚಾಂಪಿಯನ್‌ಷಿಪ್‌ನ ಸುತ್ತುಗಳಲ್ಲಿ ಪೂರ್ಣ ಪ್ರಮಾಣದಲ್ಲಿ ಸ್ಪರ್ಧಿಸಲು ಆರಂಭಿಸಿದರು. ಯಮಹಾ ಕಂಪನಿಯು ಮಾರಾಟಕ್ಕೆ ಬಿಟ್ಟಿದ್ದ 250 ಸಿಸಿ ರೇಸ್ ವಾಹನವೇ ಅವರ ಸಾಧನ. ಎಂಜಿನಿಯರಿಂಗ್ ವ್ಯಾಸಂಗವನ್ನು ಪೂರೈಸುವ ಸಲುವಾಗಿ ಋತುವಿನ ಕೊನೆಯ ಸುತ್ತುಗಳನ್ನು ಬಿಟ್ಟುಕೊಟ್ಟರೂ ಅಂಕಪಟ್ಟಿಯಲ್ಲಿ ನಾಲ್ಕನೆಯ ಸ್ಥಾನ ಪಡೆದರು.

1971ರಲ್ಲಿ ಗೆಲುವುಗಳು ಬಂದವು. ಜೆಕೊಸ್ಲೊವಾಕಿಯಾದ ಬ್ರನೋ ಪಥದಲ್ಲಿ 350 ಸಿಸಿ ವಿಭಾಗದಲ್ಲಿ ತಮ್ಮ ಮೊದಲ ಗ್ರ್ಯಾನ್ ಪ್ರಿ ವಿಜಯವನ್ನು ಸಾಧಿಸಿದರು. ಅದೇ ವರ್ಷ ಮೊಂಜಾದಲ್ಲಿ 350 ಸಿಸಿ ಹಾಗೂ ಸ್ಪೇನ್‌ನ ಹರಾಮಾದಲ್ಲಿ 250 ಸಿಸಿ ಓಟಗಳನ್ನು ಗೆದ್ದರು. ವರ್ಷಾಂತ್ಯದಲ್ಲಿ 350 ಸಿಸಿ ವಿಭಾಗದಲ್ಲಿ ಇಟಲಿಯ ಜಾಕೊಮೊ ಅಗೊಸ್ತಿನಿ ಅವರ ನಂತರದ ಎರಡನೆಯ ಸ್ಥಾನವೂ, 250 ಸಿಸಿ ವಿಭಾಗದಲ್ಲಿ ಮೂರನೆಯ ಸ್ಥಾನವೂ ಅವರದಾದವು.

ಈ ವರ್ಷಗಳಲ್ಲಿ ಅವರ ಜೊತೆಗಾರ್ತಿಯಾಗಿದ್ದವರು ಸೋಯ್ಲಿ. ಮುಂದೆ ಇವರಿಬ್ಬರ ವಿವಾಹವಾಯಿತು. ಒಂದು ದೇಶದ ಓಟ ಮುಗಿದೊಡನೆ ಮತ್ತೊಂದು ದೇಶಕ್ಕೆ ರಸ್ತೆಯ ಮೂಲಕ ಪಯಣಿಸುವುದು ಅಂದಿನ ಸ್ವತಂತ್ರ ಸವಾರರ ಜೀವನಕ್ರಮವಾಗಿತ್ತು. ಸೋಯ್ಲಿ ಈ ಪ್ರಯಾಣಗಳಲ್ಲಿ ಪತಿಯೊಡನೆ ಇರುತ್ತಿದ್ದರು. ಮೊಂಜಾದ ಆ ಕೊನೆಯ ದಿನವೂ ಅವರು ಪಥದ ಬಳಿಯಲ್ಲಿಯೇ ಇದ್ದರು.

1972: ವಿಶ್ವ ಚಾಂಪಿಯನ್

1972ರಲ್ಲಿ ಯಮಹಾದ ಬೆಂಬಲ ದೊರೆಯಿತು. ಆ ವರ್ಷದ ಋತುವಿನ ಮೊದಲ ಸುತ್ತು ಪಶ್ಚಿಮ ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್‌ನಲ್ಲಿ ನಡೆಯಿತು. ಕಾಡಿನ ನಡುವೆ ಏರುತ್ತ ಇಳಿಯುತ್ತ ಸಾಗುವ ಆ ಸುದೀರ್ಘ ಪಥದಲ್ಲಿ ಸಾರಿನೆನ್ 350 ಸಿಸಿ ಓಟದಲ್ಲಿ ಎಂ.ವಿ. ಅಗುಸ್ತಾ ತಂಡದ ಅಗೊಸ್ತಿನಿ ಅವರನ್ನು ಸೋಲಿಸಿದರು. ಈ ವಿಭಾಗದಲ್ಲಿ ಅಗೊಸ್ತಿನಿ ಬಹುತೇಕ ಅಜೇಯರೆಂದೇ ಭಾವಿಸಲಾಗಿತ್ತು. ಮುಂದಿನ ಫ್ರೆಂಚ್ ಗ್ರ್ಯಾನ್ ಪ್ರಿಯಲ್ಲಿಯೂ ಸಾರಿನೆನ್ ಗೆದ್ದಾಗ, ಎಂ.ವಿ. ಅಗುಸ್ತಾ ಕಂಪನಿಯು ತನ್ನ ಹಳೆಯ ಮೂರು ಸಿಲಿಂಡರಿನ ವಾಹನದ ಬದಲಿಗೆ ಹೊಸ ನಾಲ್ಕು ಸಿಲಿಂಡರಿನ ವಾಹನವನ್ನು ಕಣಕ್ಕಿಳಿಸಿತು. ಆ ವರ್ಷ 350 ಸಿಸಿ ಪದವಿ ಅಗೊಸ್ತಿನಿಗೆ ದಕ್ಕಿತು, ಸಾರಿನೆನ್ ಮತ್ತೆ ಎರಡನೆಯವರಾದರು.

250 ಸಿಸಿ ವಿಭಾಗದ ಕಥೆ ಬೇರೆ. ಇಲ್ಲಿ ಅವರ ಮುಖ್ಯ ಪ್ರತಿಸ್ಪರ್ಧಿ ಇಟಲಿಯ ರಿಮಿನಿ ನಗರದ ರೆಂಜೊ ಪಸೊಲಿನಿ. ಸಾರಿನೆನ್ ಅವರಿಗಿಂತ ಏಳು ವರ್ಷ ಹಿರಿಯರಾದ ಪಸೊಲಿನಿ ಅಯರ್ಮಾಕಿ ಹಾರ್ಲೆ-ಡೇವಿಡ್‌ಸನ್ ತಂಡದ ಸವಾರರು, ತಮ್ಮ ದೇಶದಲ್ಲಿ ಅತ್ಯಂತ ಜನಪ್ರಿಯರು. ಸಾರಿನೆನ್ ಬೆಲ್ಜಿಯಂ, ಪೂರ್ವ ಜರ್ಮನಿ, ಜೆಕೊಸ್ಲೊವಾಕಿಯಾ ಮತ್ತು ತಮ್ಮ ತಾಯ್ನಾಡಿನ ಇಮಾತ್ರಾದಲ್ಲಿ ಗೆದ್ದರು. ಅಂತಿಮವಾಗಿ ಸಾರಿನೆನ್ 94 ಅಂಕಗಳನ್ನೂ ಪಸೊಲಿನಿ 93 ಅಂಕಗಳನ್ನೂ ಪಡೆದಿದ್ದರು. ಒಂದು ಓಟದ ಗೆಲುವಿಗೇ 15 ಅಂಕ ದೊರೆಯುತ್ತಿದ್ದ ಆ ಕಾಲದಲ್ಲಿ ಇಡೀ ಋತುವಿನ ಹೋರಾಟ ಒಂದೇ ಅಂಕದಿಂದ ನಿರ್ಧಾರವಾಯಿತು. ಮರುವರ್ಷ ಒಂದೇ ತಿರುವಿನಲ್ಲಿ ಪ್ರಾಣ ಬಿಟ್ಟವರು ಈ ಇಬ್ಬರೇ.

ಅದೇ ವರ್ಷದ ಬೇಸಿಗೆಯಲ್ಲಿ ಇಟಲಿಯ ಪೆಸಾರೊದಲ್ಲಿ ನಡೆದ, ಚಾಂಪಿಯನ್‌ಷಿಪ್‌ಗೆ ಸೇರದ ಸ್ಪರ್ಧೆಯಲ್ಲಿ ಸಾರಿನೆನ್ ಬೆನೆಲ್ಲಿ ಕಂಪನಿಯ ನಾಲ್ಕು ಸಿಲಿಂಡರಿನ ವಾಹನಗಳನ್ನು ಓಡಿಸಿ ಅಗೊಸ್ತಿನಿ ಅವರನ್ನು ಹಿಂದಿಕ್ಕಿದರು. ಅಲ್ಲಿಯವರೆಗೆ ಬಹುಪಾಲು ಯಮಹಾದ ಟೂ ಸ್ಟ್ರೋಕ್ ವಾಹನಗಳನ್ನೇ ಓಡಿಸಿ ಗೆದ್ದಿದ್ದ ಅವರು, ಬೇರೆ ಬಗೆಯ ಫೋರ್ ಸ್ಟ್ರೋಕ್ ವಾಹನದ ಮೇಲೆಯೂ ಅಷ್ಟೇ ಸಮರ್ಥರೆಂಬುದು ಇದರಿಂದ ತಿಳಿದುಬಂದಿತು.

ಸವಾರಿಯ ಶೈಲಿ

ಸಾರಿನೆನ್ ಅವರಿಗಿಂತ ಹಿಂದಿನ ಸವಾರರು ಸಾಮಾನ್ಯವಾಗಿ ದೇಹವನ್ನು ವಾಹನದ ನೇರಕ್ಕೆ ಇರಿಸಿಕೊಂಡು, ಮೊಣಕಾಲುಗಳನ್ನು ಪೆಟ್ರೋಲ್ ಟ್ಯಾಂಕಿಗೆ ಒತ್ತಿಕೊಂಡು ತಿರುಗುತ್ತಿದ್ದರು. ವಾಹನವೂ ಸವಾರನೂ ಒಂದೇ ಗೆರೆಯಲ್ಲಿ ವಾಲುವುದು ಸೊಗಸೆನಿಸಿತ್ತು. ಸಾರಿನೆನ್ ತಿರುವಿನ ಒಳಬದಿಗೆ ದೇಹವನ್ನು ಸರಿಸಿ ಮೊಣಕಾಲನ್ನು ಹೊರಚಾಚುತ್ತಿದ್ದರು. ಹ್ಯಾಂಡಲ್‌ಗಳನ್ನು ಕೆಳಕ್ಕೆ ಬಾಗಿಸಿ ಜೋಡಿಸಿಕೊಳ್ಳುತ್ತಿದ್ದರು.

ಇದರ ಹಿಂದೆ ಸರಳವಾದ ಭೌತಶಾಸ್ತ್ರವಿದೆ. ಸವಾರನ ಭಾರ ಒಳಬದಿಗೆ ಹೋದಷ್ಟೂ, ಅದೇ ವೇಗದಲ್ಲಿ ಅದೇ ತಿರುವನ್ನು ದಾಟಲು ವಾಹನ ವಾಲಬೇಕಾದ ಕೋನ ಕಡಿಮೆಯಾಗುತ್ತದೆ. ವಾಹನ ನೆಟ್ಟಗಿದ್ದಷ್ಟೂ ಟೈರು ನೆಲವನ್ನು ಹಿಡಿಯುವುದು ಹೆಚ್ಚು, ತಿರುವಿನಿಂದ ಹೊರಬರುವಾಗ ವೇಗವನ್ನು ಬೇಗ ಹೆಚ್ಚಿಸಬಹುದು. ಅಮೆರಿಕದ ಕೆನ್ನಿ ರಾಬರ್ಟ್ಸ್ ಅವರು ಕ್ಯಾಲಿಫೋರ್ನಿಯಾದ ಒಂಟಾರಿಯೊ ಪಥದಲ್ಲಿ ಸಾರಿನೆನ್ ಅವರ ಸವಾರಿಯನ್ನು ನೋಡಿ ಈ ಕ್ರಮವನ್ನು ಅಳವಡಿಸಿಕೊಂಡರು. ರಾಬರ್ಟ್ಸ್ 1978ರಿಂದ 1980ರವರೆಗೆ ಸತತ ಮೂರು ಬಾರಿ 500 ಸಿಸಿ ವಿಶ್ವ ಚಾಂಪಿಯನ್ ಆದ ಮೇಲೆ ಇದು ಎಲ್ಲ ಸವಾರರ ರೂಢಿಯಾಯಿತು. ಇಂದು ಮೊಣಕಾಲು ನೆಲಕ್ಕೆ ಸವರುವ ಭಂಗಿಯಿಲ್ಲದ ರೇಸ್ ಚಿತ್ರವೇ ವಿರಳ.

1973ರ ಋತುವಿನ ಆರಂಭ

ಅಮೆರಿಕದ ಫ್ಲಾರಿಡಾ ರಾಜ್ಯದ ಡೇಟೋನಾದಲ್ಲಿ ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ ನಡೆಯುವ 200 ಮೈಲಿಗಳ ಓಟವು ಡಾಂಬರು ಹಾದಿಯ ರೇಸ್ ಋತುವನ್ನು ತೆರೆಯುವ ಸ್ಪರ್ಧೆಯೆಂದು ಹೆಸರಾಗಿತ್ತು. 1937ರಲ್ಲಿ ಸಮುದ್ರತೀರದ ಮರಳಿನ ಮೇಲೆ ಆರಂಭವಾದ ಈ ಓಟ 1961ರಲ್ಲಿ ಹೊಸ ಕ್ರೀಡಾಪಥಕ್ಕೆ ಸ್ಥಳಾಂತರಗೊಂಡಿತು. ಅಲ್ಲಿನ ತಿರುವುಗಳು ಗೋಡೆಯಂತೆ 31 ಡಿಗ್ರಿ ಓರೆಯಾಗಿವೆ. ಸುಮಾರು 322 ಕಿಲೋಮೀಟರ್ ದೂರವನ್ನು ಪೂರ್ಣ ವೇಗದಲ್ಲಿ ಕ್ರಮಿಸುವಾಗ ಟೈರು, ಸರಪಳಿ, ಎಂಜಿನ್ ಎಲ್ಲವೂ ಕಠಿಣ ಪರೀಕ್ಷೆಗೆ ಒಳಗಾಗುತ್ತವೆ.

1973ರ ಮಾರ್ಚ್ 11ರಂದು ನಡೆದ ಓಟದಲ್ಲಿ ಸುಜುಕಿ ಮತ್ತು ಕವಾಸಾಕಿ ಕಂಪನಿಗಳು ಮೂರು ಸಿಲಿಂಡರಿನ 750 ಸಿಸಿ ವಾಹನಗಳನ್ನು ಇಳಿಸಿದ್ದವು. ಸಾರಿನೆನ್ ಅವರ ಯಮಹಾ ಕೇವಲ 350 ಸಿಸಿಯದು. ದೊಡ್ಡ ವಾಹನಗಳು ನೇರ ಹಾದಿಯಲ್ಲಿ ವೇಗವಾಗಿದ್ದರೂ ಯಾಂತ್ರಿಕ ತೊಂದರೆಗಳಿಂದ ಮತ್ತು ಬೀಳುಗಳಿಂದ ಒಂದೊಂದಾಗಿ ಹಿಂದುಳಿದವು. ಹಗುರವಾದ ಚಿಕ್ಕ ಯಮಹಾ ಕಡಿಮೆ ಇಂಧನ ಬಳಸಿ, ಟೈರುಗಳನ್ನು ಕಡಿಮೆ ಸವೆಸಿ, ಒಂದೇ ಸಮನೆ ಸಾಗಿ ಗೆದ್ದಿತು. ಎರಡನೆಯ ಸ್ಥಾನವೂ 350 ಸಿಸಿ ಯಮಹಾದ ಮೇಲೆ ಸವಾರಿ ಮಾಡಿದ ಆಸ್ಟ್ರೇಲಿಯಾದ ಕೆಲ್ ಕರೂಥರ್ಸ್ ಅವರ ಪಾಲಾಯಿತು. ಡೇಟೋನಾ 200 ಗೆದ್ದ ಮೊದಲ ಯೂರೋಪಿಯನ್ ಸವಾರ ಎಂಬ ಹಿರಿಮೆ ಸಾರಿನೆನ್ ಅವರಿಗೆ ಸಂದಿತು. ಏಪ್ರಿಲ್‌ನಲ್ಲಿ, ಇದೇ ಮಾದರಿಯಲ್ಲಿ ಹಿಂದಿನ ವರ್ಷವಷ್ಟೇ ಆರಂಭವಾಗಿದ್ದ ಇಟಲಿಯ ಇಮೋಲಾ 200 ಮೈಲಿ ಓಟದಲ್ಲಿಯೂ ಅವರೇ ಗೆದ್ದರು.

ವಿಶ್ವ ಚಾಂಪಿಯನ್‌ಷಿಪ್‌ನ ಋತು ಏಪ್ರಿಲ್ 22ರಂದು ದಕ್ಷಿಣ ಫ್ರಾನ್ಸಿನ ಪೌಲ್ ರಿಕಾರ್ ಪಥದಲ್ಲಿ ಆರಂಭವಾಯಿತು. ಯಮಹಾ ಕಂಪನಿಯು ನಾಲ್ಕು ಸಿಲಿಂಡರಿನ, ನೀರಿನಿಂದ ತಂಪಾಗುವ ಹೊಸ 500 ಸಿಸಿ ಟೂ ಸ್ಟ್ರೋಕ್ ವಾಹನವನ್ನು ಅಂದು ಮೊದಲ ಬಾರಿಗೆ ಗ್ರ್ಯಾನ್ ಪ್ರಿ ಕಣಕ್ಕೆ ತಂದಿತು. ಅತ್ಯುನ್ನತವಾದ ಈ ವಿಭಾಗದ ಸವಾರರ ಪದವಿ 1958ರಿಂದ ಸತತವಾಗಿ ಎಂ.ವಿ. ಅಗುಸ್ತಾ ಸವಾರರಲ್ಲಿಯೇ ಉಳಿದಿತ್ತು. ಸಾರಿನೆನ್ ಹೊಸ ವಾಹನದ ಮೊದಲ ಓಟವನ್ನೇ ಗೆದ್ದರು. ಎಂ.ವಿ. ತಂಡದ ಫಿಲ್ ರೀಡ್ ಎರಡನೆಯವರಾದರು, ಯಮಹಾದ ಮತ್ತೊಬ್ಬ ಸವಾರ ಜಪಾನಿನ ಹಿದೆಯೊ ಕನಾಯ ಮೂರನೆಯವರಾದರು. ಬೆನ್ನಟ್ಟುವ ಪ್ರಯತ್ನದಲ್ಲಿ ಅಗೊಸ್ತಿನಿ ಬಿದ್ದರು. ಅದೇ ದಿನ 250 ಸಿಸಿ ಓಟವೂ ಸಾರಿನೆನ್ ಅವರದಾಯಿತು.

ಮೇ 6ರಂದು ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ರಿಂಗ್‌ನಲ್ಲಿ ಎರಡೂ ವಿಭಾಗಗಳಲ್ಲಿ ಮತ್ತೆ ಗೆದ್ದರು. ಮೇ 13ರಂದು ಪಶ್ಚಿಮ ಜರ್ಮನಿಯ ಹಾಕೆನ್‌ಹೈಮ್‌ನಲ್ಲಿ 250 ಸಿಸಿ ಓಟವನ್ನು ಗೆದ್ದರು. 500 ಸಿಸಿ ಓಟದಲ್ಲಿ ಸರಪಳಿ ತುಂಡಾದುದರಿಂದ ಹಿಂದೆ ಸರಿಯಬೇಕಾಯಿತು. ಹೀಗೆ ಮೂರು ಸುತ್ತುಗಳ ಆರು ಓಟಗಳಲ್ಲಿ ಐದರ ವಿಜಯ ಅವರದಾಗಿತ್ತು.

ಮೊಂಜಾ ದುರಂತ

ನಾಲ್ಕನೆಯ ಸುತ್ತು 1973ರ ಮೇ 20ರಂದು ಇಟಲಿಯ ಮೊಂಜಾದಲ್ಲಿ ನಡೆಯಿತು. ಅಗೊಸ್ತಿನಿ ಗೆದ್ದ 350 ಸಿಸಿ ಓಟದ ನಂತರ 250 ಸಿಸಿ ಓಟ ಆರಂಭವಾಯಿತು. ಮೊದಲ ಸುತ್ತಿನಲ್ಲಿಯೇ, ಕುರ್ವಾ ಗ್ರಾಂದೆ ಎಂಬ ಹೆಸರಿನ ವೇಗದ ಬಲತಿರುವಿನಲ್ಲಿ ಪಸೊಲಿನಿಯವರ ವಾಹನ ಹತೋಟಿ ತಪ್ಪಿ ಬಿದ್ದಿತು. ಹಿಂದೆಯೇ ಬರುತ್ತಿದ್ದ ಸಾರಿನೆನ್ ಅವರಿಗೆ ತಪ್ಪಿಸಿಕೊಳ್ಳಲು ಅವಕಾಶವಿರಲಿಲ್ಲ. ಅವರ ಹಿಂದಿದ್ದವರೂ ಒಬ್ಬರ ಮೇಲೊಬ್ಬರು ಬಿದ್ದರು. ಹತ್ತಕ್ಕೂ ಹೆಚ್ಚು ಸವಾರರು ಅಪಘಾತಕ್ಕೆ ಸಿಲುಕಿದರು. ಪಥದ ಬದಿಯಲ್ಲಿದ್ದ ಹುಲ್ಲಿನ ಪಿಂಡಿಗಳಿಗೆ ಬೆಂಕಿ ಹತ್ತಿತು. ಸಾರಿನೆನ್ ಮತ್ತು ಪಸೊಲಿನಿ ಇಬ್ಬರೂ ಮೃತಪಟ್ಟರು, ಹಲವರು ಗಾಯಗೊಂಡರು. ಅಂದಿನ ಉಳಿದ ಓಟಗಳನ್ನು ರದ್ದುಗೊಳಿಸಲಾಯಿತು.

ಕಾರಣಗಳ ಕುರಿತ ವಾದವಿವಾದ

ಅಪಘಾತದ ಕಾರಣದ ಬಗ್ಗೆ ಎರಡು ಅಭಿಪ್ರಾಯಗಳು ಪ್ರಚಲಿತವಾಗಿವೆ. ಮೊದಲನೆಯದರ ಪ್ರಕಾರ, 350 ಸಿಸಿ ಓಟದಲ್ಲಿ ಒಂದು ಬೆನೆಲ್ಲಿ ವಾಹನದಿಂದ ಸೋರಿದ ಎಣ್ಣೆ ತಿರುವಿನಲ್ಲಿ ಉಳಿದಿತ್ತು. ಅದನ್ನು ಶುಚಿಗೊಳಿಸದೆ ಮುಂದಿನ ಓಟಕ್ಕೆ ಅನುಮತಿ ನೀಡಲಾಯಿತು. ಆಸ್ಟ್ರೇಲಿಯಾದ ಸವಾರ ಜಾನ್ ಡಾಡ್ಸ್ ಓಟಕ್ಕೆ ಮೊದಲೇ ಈ ವಿಷಯವನ್ನು ಅಧಿಕಾರಿಗಳ ಗಮನಕ್ಕೆ ತಂದಿದ್ದರೂ ಅದು ಪ್ರಯೋಜನವಾಗಲಿಲ್ಲ. ಎರಡನೆಯ ಅಭಿಪ್ರಾಯದಂತೆ, ಪಸೊಲಿನಿಯವರ ವಾಹನದ ಎಂಜಿನ್ ಇದ್ದಕ್ಕಿದ್ದಂತೆ ಸೀಜ್ ಆದುದೇ ಕಾರಣ. ಅಧಿಕೃತ ತನಿಖೆ ಈ ಎರಡನೆಯ ಕಾರಣವನ್ನು ಎತ್ತಿಹಿಡಿಯಿತು. ಆದರೂ ಎಣ್ಣೆಯ ಪ್ರಶ್ನೆ ಸವಾರರ ವಲಯದಲ್ಲಿ ಮರೆಯಾಗಲಿಲ್ಲ.

ಸೀಜ್ ಆಗುವುದೆಂದರೆ, ಅತಿಯಾದ ಶಾಖದಿಂದಲೋ ಎಣ್ಣೆಯ ಕೊರತೆಯಿಂದಲೋ ಪಿಸ್ಟನ್ ಹಿಗ್ಗಿ ಸಿಲಿಂಡರಿನ ಒಳಗೋಡೆಗೆ ಕಚ್ಚಿಕೊಳ್ಳುವುದು. ಆಗ ಎಂಜಿನ್ ನಿಂತುಬಿಡುತ್ತದೆ, ಸರಪಳಿಯ ಮೂಲಕ ಅದಕ್ಕೆ ಜೋಡಿಸಿರುವ ಹಿಂದಿನ ಚಕ್ರವೂ ತಿರುಗುವುದನ್ನು ನಿಲ್ಲಿಸುತ್ತದೆ. ತಕ್ಷಣ ಕ್ಲಚ್ ಹಿಡಿದರೆ ಚಕ್ರ ಬಿಡುಗಡೆಯಾಗುತ್ತದೆ. ಈ ಕಾರಣಕ್ಕಾಗಿಯೇ ಟೂ ಸ್ಟ್ರೋಕ್ ವಾಹನದ ಸವಾರರು ಕ್ಲಚ್ಚಿನ ಮೇಲೆ ಸದಾ ಬೆರಳಿಟ್ಟಿರುತ್ತಿದ್ದರು. ಆದರೆ ವೇಗದ ತಿರುವಿನಲ್ಲಿ ವಾಲಿರುವಾಗ ಅದಕ್ಕೂ ಸಮಯ ದೊರೆಯುವುದಿಲ್ಲ.

ಕಾರಣ ಯಾವುದೇ ಇರಲಿ, ಒಬ್ಬ ಸವಾರ ಬಿದ್ದುದು ಇಷ್ಟು ದೊಡ್ಡ ದುರಂತವಾಗಲು ಪಥದ ರಚನೆಯೂ ಕಾರಣವಾಯಿತೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕಾರುಗಳ ರಕ್ಷಣೆಗಾಗಿ ಪಥದ ಅಂಚಿಗೇ ಉಕ್ಕಿನ ತಡೆಬೇಲಿಗಳನ್ನು ಹಾಕಲಾಗಿತ್ತು. ಕಾರಿನೊಳಗೆ ಕುಳಿತವನನ್ನು ಉಳಿಸುವ ಆ ಬೇಲಿ, ಬಯಲಿನಲ್ಲಿ ಕುಳಿತಿರುವ ಮೋಟಾರ್ ಸೈಕಲ್ ಸವಾರನಿಗೆ ಮಾರಕ. ಬಿದ್ದ ವಾಹನಗಳು ಬೇಲಿಗೆ ಬಡಿದು ಮತ್ತೆ ಪಥದ ನಡುವಿಗೇ ಮರಳಿದವು. ಜಾರಿಕೊಂಡು ಹೋಗಿ ನಿಲ್ಲಲು ಸವಾರರಿಗೆ ಖಾಲಿ ಜಾಗವೇ ಇರಲಿಲ್ಲ.

ನಂತರದ ಪರಿಣಾಮಗಳು

ಯಮಹಾ ಕಂಪನಿಯು ಸಾರಿನೆನ್ ಅವರ ಗೌರವಾರ್ಥ ತನ್ನ ಅಧಿಕೃತ ತಂಡವನ್ನು ಆ ಋತುವಿನ ಉಳಿದ ಓಟಗಳಿಂದ ಹಿಂದಕ್ಕೆ ಪಡೆಯಿತು. 500 ಸಿಸಿ ಪದವಿಯನ್ನು ಫಿಲ್ ರೀಡ್ ಅವರೂ, 250 ಸಿಸಿ ಪದವಿಯನ್ನು ಜರ್ಮನಿಯ ಡೀಟರ್ ಬ್ರೌನ್ ಅವರೂ ಪಡೆದರು. 1974ರಲ್ಲಿ ಅಗೊಸ್ತಿನಿಯವರೇ ಯಮಹಾ ತಂಡವನ್ನು ಸೇರಿ ಡೇಟೋನಾ 200 ಗೆದ್ದರು. 1975ರಲ್ಲಿ ಅವರು ಯಮಹಾದ ಮೇಲೆ 500 ಸಿಸಿ ವಿಶ್ವ ಚಾಂಪಿಯನ್ ಆದಾಗ, ಆ ವಿಭಾಗದ ಸವಾರರ ಪದವಿ ಮೊದಲ ಬಾರಿಗೆ ಟೂ ಸ್ಟ್ರೋಕ್ ವಾಹನಕ್ಕೆ ಸಂದಿತು. ಎರಡು ವರ್ಷ ಮೊದಲು ಪೌಲ್ ರಿಕಾರ್‌ನಲ್ಲಿ ಸಾರಿನೆನ್ ತೋರಿದ್ದ ಹಾದಿ ಅದು.

ಪಥಗಳ ಸುರಕ್ಷತೆಯ ವಿಷಯದಲ್ಲಿ ಸುಧಾರಣೆ ನಿಧಾನವಾಗಿ ಬಂದಿತು. 1972ರಲ್ಲಿ ಐಲ್ ಆಫ್ ಮ್ಯಾನ್ ಟಿಟಿ ಓಟದಲ್ಲಿ ಗೆಳೆಯ ಜಿಲ್ಬರ್ಟೊ ಪಾರ್ಲೊಟ್ಟಿ ಮರಣಹೊಂದಿದಾಗ ಅಗೊಸ್ತಿನಿ ಅಲ್ಲಿ ಮತ್ತೆ ಸ್ಪರ್ಧಿಸುವುದಿಲ್ಲವೆಂದು ನಿರ್ಧರಿಸಿದ್ದರು. 1973ರ ಜುಲೈ ತಿಂಗಳಲ್ಲಿ ಅದೇ ಮೊಂಜಾದಲ್ಲಿ, ಕಿರಿಯರ ಸ್ಪರ್ಧೆಯೊಂದರಲ್ಲಿ ಇಟಲಿಯ ಮೂವರು ಸವಾರರು ಮೃತಪಟ್ಟರು. ಈ ಸಾವುಗಳ ನಂತರ ಸವಾರರು ಸಂಘಟಿತರಾಗಿ ಸುರಕ್ಷತೆಗೆ ಒತ್ತಾಯಿಸತೊಡಗಿದರು. ಬೇಲಿಗಳು ಪಥದಿಂದ ದೂರ ಸರಿದದ್ದು, ತಿರುವುಗಳ ಹೊರಬದಿಯಲ್ಲಿ ವಿಶಾಲವಾದ ಜಲ್ಲಿಯ ಬಯಲುಗಳು ಬಂದದ್ದು, ಎಣ್ಣೆ ಚೆಲ್ಲಿದರೆ ಓಟವನ್ನು ನಿಲ್ಲಿಸುವ ಕ್ರಮ ಬಲಗೊಂಡದ್ದು ಮುಂದಿನ ದಶಕಗಳಲ್ಲಿ.

ಟೂ ಸ್ಟ್ರೋಕ್ ಎಂಜಿನ್ ಮತ್ತು ಕರ್ನಾಟಕ

ಸಾರಿನೆನ್ ಅವರ ಗೆಲುವುಗಳಿಗೆ ಆಧಾರವಾದ ಟೂ ಸ್ಟ್ರೋಕ್ ಎಂಜಿನ್ ಕನ್ನಡನಾಡಿಗೆ ಅಪರಿಚಿತವಲ್ಲ. ಈ ಬಗೆಯ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಒಮ್ಮೆ ಇಂಧನ ಉರಿಯುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಒಮ್ಮೆ. ಆದ್ದರಿಂದಲೇ ಚಿಕ್ಕ ಗಾತ್ರದಿಂದ ಹೆಚ್ಚಿನ ಶಕ್ತಿಯನ್ನು ಪಡೆಯುವುದು ಸಾಧ್ಯವಾಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದಿಂದ 1996ರಲ್ಲಿ ಮುಚ್ಚುವವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್‌ಗಳು ಇದೇ ತತ್ತ್ವದವು. ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆಗಳ ಮೂಲಕ ಬಂಡೀಪುರದ ಕಾಡನ್ನು ದಾಟಿ ಊಟಿಗೆ ಹೋಗುವ ರಸ್ತೆಯಲ್ಲಿಯೂ, ಚಾಮರಾಜನಗರ ಸೀಮೆಯ ಊರುಗಳಲ್ಲಿಯೂ ಇವುಗಳ ಸದ್ದು ಒಂದು ತಲೆಮಾರಿಗೆ ಚಿರಪರಿಚಿತ. ಪೆಟ್ರೋಲಿಗೆ ಅಳತೆಯ ಎಣ್ಣೆ ಬೆರೆಸುವುದು, ಎಣ್ಣೆ ಕಡಿಮೆಯಾದರೆ ಎಂಜಿನ್ ಸೀಜ್ ಆಗುವುದು ಆ ಸವಾರರಿಗೆಲ್ಲ ತಿಳಿದ ಸಂಗತಿ.

1973ರಲ್ಲಿ ಯಮಹಾ ಕಂಪನಿಯು ರಸ್ತೆಯ ಬಳಕೆಗೆ ಆರ್‌ಡಿ 350 ಎಂಬ ಎರಡು ಸಿಲಿಂಡರಿನ ವಾಹನವನ್ನು ಬಿಡುಗಡೆ ಮಾಡಿತು. ಸಾರಿನೆನ್ ಡೇಟೋನಾದಲ್ಲಿ ಓಡಿಸಿದ ರೇಸ್ ವಾಹನಕ್ಕೆ ಇದು ಹತ್ತಿರದ ಸಂಬಂಧಿ. ಭಾರತದಲ್ಲಿ ಎಸ್ಕಾರ್ಟ್ಸ್ ಕಂಪನಿಯು 1983ರಿಂದ ಇದನ್ನು ರಾಜದೂತ್ 350 ಎಂಬ ಹೆಸರಿನಲ್ಲಿ ತಯಾರಿಸಿತು.

ಸ್ಮರಣೆ

ಸಾರಿನೆನ್ ಅವರ ಸಮಾಧಿ ಟುರ್ಕು ನಗರದಲ್ಲಿದೆ. ಅಭಿಮಾನಿಗಳು ಅವರನ್ನು ಬ್ಯಾರನ್ ಎಂಬ ಅರ್ಥದ ಪಾರೋನಿ ಎಂಬ ಅಡ್ಡಹೆಸರಿನಿಂದ ನೆನೆಯುತ್ತಾರೆ. ಮೋಟೊಜಿಪಿ ಸಂಸ್ಥೆಯು ಶ್ರೇಷ್ಠ ಸವಾರರಿಗೆ ನೀಡುವ ಲೆಜೆಂಡ್ ಗೌರವದ ಪಟ್ಟಿಯಲ್ಲಿ ಅವರ ಹೆಸರಿದೆ. ಇಟಲಿಯಲ್ಲಿ ಅವರ ಜನಪ್ರಿಯತೆ ಎಷ್ಟಿತ್ತೆಂದರೆ, ಅವರ ಮರಣದ ಮರುವರ್ಷ ಜನಿಸಿದ ಮಗುವೊಂದಕ್ಕೆ ತಂದೆತಾಯಿ ಯಾರ್ನೋ ಎಂದು ಹೆಸರಿಟ್ಟರು. ಆ ಮಗುವೇ ಮುಂದೆ ಫಾರ್ಮುಲಾ ಒನ್ ಕಾರು ಚಾಲಕರಾಗಿ ಹೆಸರು ಮಾಡಿದ ಯಾರ್ನೋ ಟ್ರುಲ್ಲಿ.

ಗ್ರ್ಯಾನ್ ಪ್ರಿ ವಿಜಯಗಳು

ಸಾರಿನೆನ್ ಗೆದ್ದ ಒಟ್ಟು 15 ಗ್ರ್ಯಾನ್ ಪ್ರಿ ಓಟಗಳ ವಿವರ ಹೀಗಿದೆ.

• 1971, 250 ಸಿಸಿ: ಸ್ಪೇನ್
• 1971, 350 ಸಿಸಿ: ಜೆಕೊಸ್ಲೊವಾಕಿಯಾ, ಇಟಲಿ
• 1972, 250 ಸಿಸಿ: ಬೆಲ್ಜಿಯಂ, ಪೂರ್ವ ಜರ್ಮನಿ, ಜೆಕೊಸ್ಲೊವಾಕಿಯಾ, ಫಿನ್‌ಲೆಂಡ್
• 1972, 350 ಸಿಸಿ: ಪಶ್ಚಿಮ ಜರ್ಮನಿ, ಫ್ರಾನ್ಸ್, ಜೆಕೊಸ್ಲೊವಾಕಿಯಾ
• 1973, 250 ಸಿಸಿ: ಫ್ರಾನ್ಸ್, ಆಸ್ಟ್ರಿಯಾ, ಪಶ್ಚಿಮ ಜರ್ಮನಿ
• 1973, 500 ಸಿಸಿ: ಫ್ರಾನ್ಸ್, ಆಸ್ಟ್ರಿಯಾ